ಕಿತ್ತುಬಂದ ಪಟ್ಟಿ

“ಸಾರ್, ನಿಮ್ಮ ಪಟ್ಟಿ ಮತ್ತೆ ಬಿಟ್ಕೊಂಡಿದೆ.”

ಫೋನಿನಲ್ಲಿ ಅವಳ ದನಿ ಕೇಳಿದೊಡನೆ ಅವನಿಗೆ ಖುಷಿಯಾಯಿತು. ಹಿಂದೆಯೇ ನಾಚಿಕೆಯೂ ಆಯಿತು. ತಾನೇ ಮಾಡಿದ ವಸ್ತು ಕೆಟ್ಟಿತೆಂದು ಹಿಗ್ಗುವ ಸಂಶೋಧಕ ಇನ್ನೊಬ್ಬ ಇರಲಾರ.

ಆ ಪಟ್ಟಿ ಎಳಗರುವಿನ ಕಿವಿಯಷ್ಟು ಮೆದು. ರಬ್ಬರಿಗೆ ಇದ್ದಿಲಿನಂಥ ನುಣ್ಣನೆಯ ಕಪ್ಪು ಪುಡಿ ಬೆರೆಸಿ, ತೆಳ್ಳಗೆ ಹಾಳೆ ಎಳೆದು ಒಣಗಿಸಿದ್ದು. ಮೈಗೆ ಅಂಟಿಸಿದರೆ ಮೈಯ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಸಿಗೆ ಹಿಡಿದವರು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿ ಚರ್ಮ ನಲುಗತೊಡಗಿದರೆ, ಮನೆಯವರ ಕೈಯಲ್ಲಿರುವ ಸಣ್ಣ ಡಬ್ಬಿ ಗುಂಯ್‌ಗುಡುತ್ತದೆ. ಆಗ ಬಂದು ಮಗ್ಗುಲು ಬದಲಿಸಿದರೆ ಸಾಕು. ಪಕ್ಕದಲ್ಲೇ ಕಾದು ಕೂರಬೇಕಾಗಿಲ್ಲ.

ಬೇರೆ ಮನೆಗಳಲ್ಲಿ ಪಟ್ಟಿ ಜಿಗಣೆಯ ಹಾಗೆ ಹಿಡಿದುಕೊಂಡಿತ್ತು. ಈ ಮನೆಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಬೆವರಿರಬೇಕು, ಎಣ್ಣೆ ಮೈಯಿರಬೇಕು ಎಂದುಕೊಂಡು ಅವನು ಅಂಟಿನ ಹದ ಬದಲಿಸಿ ಬದಲಿಸಿ ಸೋತಿದ್ದ.

ಮನೆಯಲ್ಲಿದ್ದವರು ಇಬ್ಬರೇ. ಎಡಗೈ, ನಾಲಿಗೆ ಎರಡನ್ನು ಬಿಟ್ಟರೆ ಬೇರೇನೂ ಆಡದ ಅತ್ತೆ. ತಬ್ಬಲಿಯಾಗಿ ಅವಳ ಕೈಯಲ್ಲಿ ಬೆಳೆದ ಅಣ್ಣನ ಮಗಳು. ಅತ್ತೆಯ ಮಂಚದ ಕಾಲಿಗೆ ತಾಗಿದಂತೆ ಹುಡುಗಿಯ ಹೊಲಿಗೆ ಯಂತ್ರ. ಬಟ್ಟೆ ಕೊಡುವವರೂ ಒಯ್ಯುವವರೂ ಅಲ್ಲಿಗೇ ಬರುತ್ತಿದ್ದರು. ಅವಳು ಗೇಟು ದಾಟುವುದೆಂದರೆ ಪಕ್ಕದ ಔಷಧಿ ಅಂಗಡಿಗೆ, ಅದೂ ಓಡುತ್ತ. ಗೂಟಕ್ಕೆ ಕಟ್ಟಿದ ಹಸು ಹಗ್ಗ ಇರುವಷ್ಟೇ ದೂರ ಮೇಯುವಂತೆ ಅವಳ ದಿನಗಳು ಸವೆಯುತ್ತಿದ್ದವು.

“ಇನ್ನೊಂದು ಸಲ ಬಿಟ್ಕೊಂಡ್ರೆ ಆ ಮನೆ ಕೈಬಿಡು. ಪಟ್ಟಿ, ಡಬ್ಬಿ ಎಲ್ಲಾ ವಾಪಸ್ ತಗೊಂಡು ಬಾ,” ಎಂದು ಲ್ಯಾಬಿನ ಮೇಡಂ ಹೇಳಿಬಿಟ್ಟಿದ್ದರು. ಇದೇ ಆ ಇನ್ನೊಂದು ಸಲ.

ಹೊರಡುವ ಮುಂಚೆ, ಮನಸ್ಸು ತಡೆಯದೆ, ಪಟ್ಟಿಯ ಹಿಗ್ಗು ಕುಗ್ಗು ಕಂಪ್ಯೂಟರಿನಲ್ಲಿ ಬರೆದಿಟ್ಟ ಗೆರೆಯನ್ನು ತುದಿಯವರೆಗೂ ನೋಡಿದ. ಪಟ್ಟಿ ಬಿಟ್ಟುಕೊಳ್ಳುವ ಹೊತ್ತಿನದು ಕಸವೆಂದು ಅದನ್ನು ಯಾವಾಗಲೂ ಕತ್ತರಿಸಿ ಎಸೆಯುತ್ತಿದ್ದ. ಬೆವರಿಗೆ ಬಿಟ್ಟ ಪಟ್ಟಿಯ ಗೆರೆ ನೆನೆದ ಬದುವಿನಂತೆ ಮೆಲ್ಲಗೆ ಕುಸಿಯುತ್ತದೆ. ಇದು ಹಾಗಿರಲಿಲ್ಲ. ಜಗ್ಗಿ, ಹಿಗ್ಗಿ, ಒಂದೇ ಏಟಿಗೆ ಬಿದ್ದಿತ್ತು. ಹಳೆಯವನ್ನೂ ತೆಗೆದು ನೋಡಿದ. ಎಲ್ಲವೂ ಹಾಗೆಯೇ. ಯಾರೋ ಕೈಯಾರೆ ಕಿತ್ತಿದ್ದಾರೆ.

ಯಾರೋ ಏನು, ಅವಳೇ! ದಾರಿಯುದ್ದಕ್ಕೂ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಬಂದ್ರಾ ಪಟ್ಟಿ ಮಾಸ್ಟ್ರು?” ಎಂದಳು ಮಂಚದಿಂದ ಅತ್ತೆ. “ಗೋಡೆಗಾದ್ರೂ ಅಂಟುತ್ತೇನ್ರೀ ಅದು?”

“ಗೋಡೆಗೆ ಬೆನ್ನು ಹುಣ್ಣಾಗಲ್ವಲ್ಲಮ್ಮ.”

ಅಡುಗೆಮನೆಯಲ್ಲಿ ಅವಳು ನೀರು ಕಾಯಿಸುತ್ತಿದ್ದಳು. ಕೂದಲಿಗೆ ನೀಲಿ ದಾರದ ತುಂಡೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಚಾಚಬೇಕೆನಿಸಿದ ಕೈಯನ್ನು ಅವನು ಜೇಬಿಗೆ ತುರುಕಿಕೊಂಡ.

“ಕಳ್ಳರು ಯಾರು ಅಂತ ಗೊತ್ತಾಯ್ತು,” ಎಂದ ಪಿಸುದನಿಯಲ್ಲಿ. “ಪಟ್ಟಿ ಕಿತ್ತು ಫೋನ್ ಮಾಡೋದ್ಯಾಕೆ? ಸುಮ್ನೆ ಕರೆದಿದ್ರೂ ಬರ್ತಿದ್ದೆ.”

ಅವಳು ನಗಲಿಲ್ಲ.

“ನಾನ್ಯಾಕೆ ಕೀಳ್ಲಿ? ಅದೊಂದು ಅಂಟ್ಕೊಂಡು ಕೂತ್ರೆ ಬೀದಿ ತುದಿವರೆಗಾದ್ರೂ ಹೋಗಿ ಬರ್ಬೋದು ಅಂತ ಬಾಯಿ ಬಿಟ್ಕೊಂಡು ಕಾಯ್ತಿರೋಳು ನಾನು.”

ಅವನ ಮುಖ ಸಪ್ಪಗಾಯಿತು. ಅವಳು ಓರೆಗಣ್ಣಿನಲ್ಲಿ ನೋಡಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ನಾನು ನಿಮ್ಮ ಮೇಲೇ ಅನುಮಾನ ಪಟ್ಟಿದ್ದೆ.”

“ನನ್ನ ಮೇಲಾ?”

“ಬರೋಕೆ ನೆಪ ಬೇಕು ಅಂತ ಅಂಟು ಕಮ್ಮಿ ಹಾಕ್ತಿದೀರಿ ಅಂತ.”

“ಕೋಪ ಬರ್ಲಿಲ್ವಾ?”

“ಬರ್ಬೇಕಿತ್ತು,” ಎಂದಳು. ಕಿವಿಯ ತುದಿ ಕೆಂಪಾಗಿತ್ತು. “ಬರ್ಲಿಲ್ಲ.”

ಪಾತ್ರೆಯ ನೀರು ಮರಳತೊಡಗಿತು. ಇಬ್ಬರಿಗೂ ಅದರ ಕಡೆ ಗಮನವಿಲ್ಲ. ಅವನು ಕಿತ್ತಿಲ್ಲ, ಅವಳು ಕಿತ್ತಿಲ್ಲ. ಹಾಗಾದರೆ? ಇಬ್ಬರೂ ಒಟ್ಟಿಗೇ ಕೋಣೆಯ ಕಡೆ ತಿರುಗಿದರು.

“ಅತ್ತೆ, ಕೈ ತೋರ್ಸಿ.”

“ಯಾಕೆ, ಶಾಸ್ತ್ರ ಹೇಳ್ತೀಯಾ?” ಹೊದಿಕೆಯೊಳಗೆ ಎಡಗೈ ಇನ್ನಷ್ಟು ಸರಿಯಿತು. ಹುಡುಗಿ ಮೆಲ್ಲಗೆ ಹೊರತೆಗೆದಳು. ಉಗುರಿನ ಸಂದಿಯಲ್ಲಿ ಕಪ್ಪು ಪುಡಿ.

“ಹೂಂ ಕಣೇ, ನಾನೇ ಕಿತ್ತೆ. ಏನೀಗ?” ಅತ್ತೆಯ ದನಿ ಏರಿ, ಅಲ್ಲೇ ಒಡೆಯಿತು. “ಇದು ಅಂಟ್ಕೊಂಡ್ರೆ ನೀನು ಹೊರಗೆ ಹೋಗ್ತೀಯ. ಮೊದ್ಲು ಬೀದಿ ತುದಿಗೆ, ಆಮೇಲೆ ಇವರ ಹಿಂದೆ. ನನ್ನನ್ನ ಆ ಡಬ್ಬಿ ನೋಡ್ಕೊಳುತ್ತೆ. ಕತ್ತು ತಿರುಗಿಸೋಕೂ ಆಗದೋಳು ನಾನು. ಬಾಗಿಲು ಹಾಕ್ಕೊಂಡ ಸದ್ದು ಕೇಳ್ಕೊಂಡು ಬಿದ್ದಿರ್ಬೇಕಾ?”

ಹುಡುಗಿ ಬೈಯಲಿಲ್ಲ. ಆ ಉಗುರುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿದಳು. ಅವಳ ಬೆನ್ನು ಬಾಗಿದ್ದ ರೀತಿ ನೋಡಿ ಅವನಿಗೆ ತಿಳಿಯಿತು: ಅವಳು ಎಂದಿಗೂ ಈ ಮಂಚ ಬಿಟ್ಟು ಬರುವುದಿಲ್ಲ. ಬಾ ಎಂದು ಕೇಳಿದರೆ, ನಾಳೆಯಿಂದ ಫೋನು ಕೂಡ ಬರುವುದಿಲ್ಲ.

ಅವನು ಚೀಲದಲ್ಲಿದ್ದ ಹೊಸ ಪಟ್ಟಿಯನ್ನು ತೆಗೆಯಲಿಲ್ಲ. ಅಂಗಿಯ ತೋಳು ಮಡಚಿದ.

“ಮಗ್ಗುಲು ಹೇಗೆ ಬದಲಿಸ್ತೀರಿ? ನನಗೂ ಕಲಿಸಿ.”

“ನಿಮಗ್ಯಾಕೆ ಅದು?”

“ಪಟ್ಟಿ ಹಾಕೋದು ಬಿಡೋದು ಅಮ್ಮನ ಇಷ್ಟ. ಲ್ಯಾಬಿನವರು ಅದನ್ನ ವಾಪಸ್ ತಗೊಂಡ್ರೂ ನಾನಂತೂ ಬರ್ತೀನಿ.” ಅವನು ಹುಡುಗಿಯ ಕಡೆ ತಿರುಗಿದ. “ನಿಮ್ಮನ್ನ ಹೊರಗೆ ಕರ್ಕೊಂಡು ಹೋಗ್ತೀನಿ ಅಂತಿಲ್ಲ. ಒಳಗೆ ಬರ್ಲಾ ಅಂತ ಕೇಳ್ತಿದೀನಿ.”

ಅವಳು ತಲೆಯೆತ್ತಿ ನೋಡಿದಳು. ಇಷ್ಟು ದಿನ ಕದ್ದು ನೋಡುತ್ತಿದ್ದ ಕಣ್ಣು ಈಗ ತಪ್ಪಿಸಿಕೊಳ್ಳಲಿಲ್ಲ.

“ಒಂದು ಕೈ ಭುಜದ ಕೆಳಗೆ,” ಎಂದಳು. “ಇನ್ನೊಂದು ಸೊಂಟಕ್ಕೆ. ಎಳೀಬಾರ್ದು, ಹೊರಳಿಸ್ಬೇಕು.”

“ಮೊದ್ಲು ಉಗುರು ಕತ್ತರಿಸ್ಕೊಳೋ, ಗೀರುತ್ತೆ,” ಎಂದಳು ಅತ್ತೆ. ಬಹುವಚನ ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ.

ಅತ್ತೆಯ ಬೆನ್ನಿನ ಕೆಳಗೆ ಇಬ್ಬರ ಕೈಗಳೂ ಸಿಕ್ಕಿಕೊಂಡವು. ಮೇಲೆ ಅತ್ತೆಯ ಭಾರ. ಹೊರಳಿಸುವವರೆಗೂ ಯಾರೂ ಕೈ ತೆಗೆಯುವಂತಿರಲಿಲ್ಲ. ಹೊರಳಿಸಿದ ಮೇಲೂ ಅವಳ ಬೆರಳು ಒಂದು ಗಳಿಗೆ ಅಲ್ಲೇ ಉಳಿಯಿತು.

ಮುಖ ಗೋಡೆಯ ಕಡೆಗಿಟ್ಟುಕೊಂಡೇ ಅತ್ತೆ ಹೇಳಿದಳು: “ಹೋಗೇ ಪುಟ್ಟಿ. ಆ ಬೀದಿ ತುದಿ ಇನ್ನೂ ಇದೆಯಾ ನೋಡ್ಕೊಂಡು ಬಾ. ಇವನಿರ್ತಾನೆ.”

ಅವಳು ಓಡಲಿಲ್ಲ. ಗೇಟಿನ ಸದ್ದಾದೊಡನೆ ಅತ್ತೆ ಎಡಗೈಯಲ್ಲಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅವನು ಇದ್ದಲ್ಲಿಂದಲೇ ಕತ್ತು ಚಾಚಿ ಕಿಟಕಿಯಾಚೆ ನೋಡಿದ.

“ಎಲ್ಲಿದಾಳೆ?”

“ತಿರುವಿನ ಹತ್ರ ನಿಂತಿದಾರೆ.”

“ವಾಪಸ್ ಬರ್ತಿದಾಳಾ?”

“ಇಲ್ಲ. ಈ ಕಡೆ ನೋಡ್ತಿದಾರೆ.”

“ಯಾರನ್ನ?”

“ನಿಮ್ಮನ್ನೇ ಇರ್ಬೇಕು.”

“ಸುಳ್ಳುಗಾರ,” ಎಂದಳು ಅತ್ತೆ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.