ಎಲ್ಲಕ್ಕಿಂತ ಗಟ್ಟಿ ಬಿಟ್

"ಕೊರಿ!"

ಪಿಸ್ತೂಲಿನ ತುದಿ ನನ್ನ ಕುತ್ತಿಗೆಗೆ ಒತ್ತಿತು. ತಣ್ಣಗಿತ್ತು.

ಬೀಗ ತೆಗೆಯುವುದೇ ನನ್ನ ಕಸುಬು ಸ್ವಾಮಿ. ಕೀ ಕಳೆದ ಸೇಫು, ಕೆಟ್ಟುನಿಂತ ಲಾಕರು... ಯಾವುದಕ್ಕೂ ಬಗ್ಗಿದವನಲ್ಲ. ಅವತ್ತು ಮಾತ್ರ ಜೀವ ಬಾಯಿಗೆ ಬಂದಿತ್ತು!

ಯಾಕೆಂದರೆ ಆ ಉಕ್ಕಿನ ಬಾಗಿಲ ಹಿಂದೆ ನನ್ನ ಅಕ್ಕ ಇದ್ದಳು.

ಚಿನ್ನದ ವರ್ಕ್‌ಶಾಪಿನ ಸ್ಟ್ರಾಂಗ್‌ರೂಮ್ ಅವಳ ಉಸ್ತುವಾರಿ. ಎಲ್ಲರೂ ಊಟಕ್ಕೆ ಹೋದಾಗ ಪಿಸ್ತೂಲು ಹಿಡಿದ ಈ ಗಡ್ಡದವನು ನುಗ್ಗಿದ್ದ. ಮುಖಕ್ಕೆ ಕಟ್ಟಿದ್ದ ಬಟ್ಟೆ ಜಾರಿತು. ಅಕ್ಕ ಅವನ ಮುಖ ನೋಡಿಬಿಟ್ಟಳು. ಸ್ಟ್ರಾಂಗ್‌ರೂಮಿಗೆ ಓಡಿ ಒಳಗಿನಿಂದ ಅಗಳಿ ಹಾಕಿಕೊಂಡು ನನಗೆ ಫೋನ್ ಮಾಡಿದಳು.

"ಒಳಗೆ ಸಿಕ್ಕಿಹಾಕ್ಕೊಂಡಿದ್ದೀನಿ ಕಣೋ, ಬೇಗ..." ಫೋನ್ ಕಟ್!

ಬೀಗ ಕೆಟ್ಟಿರಬೇಕು ಅಂದುಕೊಂಡೆ. ಡ್ರಿಲ್ ಬ್ಯಾಗ್ ಹೆಗಲಿಗೇರಿಸಿ ಓಡಿಬಂದೆ. ಸೀದಾ ಅವನ ಕೈಗೇ ಸಿಕ್ಕಿದೆ!

ಬಾಗಿಲು ತೆರೆದರೆ ಮೊದಲ ಗುಂಡು ಅಕ್ಕನಿಗೆ. ತೆರೆಯದಿದ್ದರೆ ನನಗೆ.

ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಬಿಟ್‌ಗಳ ಡಬ್ಬಿ ಬಿಚ್ಚಿದೆ. ಕಂದು ಬಣ್ಣದ ಕೋಬಾಲ್ಟ್ ಬಿಟ್ ಎದುರಿಗೇ ಇತ್ತು. ಗಟ್ಟಿ ಉಕ್ಕಿಗೆ ಅದೇ ಸರಿ. ನಿಧಾನ ಸ್ಪೀಡು, ಆಗಾಗ ಎಣ್ಣೆ, ಒಂದೇ ಸಮ ಒತ್ತಡ... ಎಂಥ ಬಾಗಿಲೂ ಸೋಲುತ್ತದೆ.

ಅದಕ್ಕೇ ಅದನ್ನು ಎಣ್ಣೆಬಟ್ಟೆಯ ಕೆಳಗೆ ತಳ್ಳಿದೆ.

ಮೆತ್ತನೆ ಕಬ್ಬಿಣಕ್ಕಷ್ಟೇ ಆಗುವ, ಥಳಥಳ ಹೊಳೆಯುವ ಬಂಗಾರದ ಬಣ್ಣದ್ದನ್ನು ಸಿಕ್ಕಿಸಿದೆ. ಎಣ್ಣೆ ಹಾಕಲಿಲ್ಲ. ಫುಲ್ ಸ್ಪೀಡ್! ಕಿರ್ರ್... ಹೊಗೆ ಎದ್ದಿತು. ಬಿಟ್ಟಿನ ತುದಿ ಸುಟ್ಟು ನೀಲಿಯಾಯಿತು.

ಗಡ್ಡದವನು ಬಗ್ಗಿ ನೋಡಿದ.

"ಇಷ್ಟು ಹೊತ್ತು ಕೊರೆದು ಬರೀ ಗೀರಾ? ಆಟ ಆಡ್ತೀಯಾ?"

"ಇಲ್ಲಣ್ಣ, ಉಕ್ಕು ಗಟ್ಟಿ..."

ಟಕ್! ಪಿಸ್ತೂಲಿನ ಕುದುರೆ ಹಿಂದಕ್ಕೆ ಸರಿದ ಸದ್ದು.

"ಎಲ್ಲಕ್ಕಿಂತ ಗಟ್ಟಿ ಬಿಟ್ ಯಾವುದು? ಸುಳ್ಳು ಹೇಳಿದ್ರೆ ಇಲ್ಲೇ ಮುಗಿಸ್ತೀನಿ!"

ನಿಜವನ್ನೇ ಹೇಳಿದೆ.

"ಕಾ... ಕಾರ್ಬೈಡ್. ಆ ಬೂದು ಬಣ್ಣದ್ದು."

"ಹಾಕು!"

ಅದನ್ನು ಓಡಿಸುವುದು ಸ್ಟ್ಯಾಂಡಿಗೆ ಬಿಗಿದ ಮೆಷಿನ್ನಿನಲ್ಲಿ. ಕೈ ಡ್ರಿಲ್ಲಿನಲ್ಲಿ ಕೂದಲೆಳೆಯಷ್ಟು ವಾಲಿದರೂ... ನನ್ನ ಕೈಯಲ್ಲಿ ಹಾಗಾದರೆ ಮುಂದಿನ ಸದ್ದು ಪಿಸ್ತೂಲಿನದ್ದೇ!

ಬಿಟ್ ಬಾಗಿಲಿಗೆ ತಾಗಿ ಕಟಕಟ ಅಂದಿತು. ಕೈ ನಿಲ್ಲುತ್ತಿರಲಿಲ್ಲ. ನಾಟಕವಲ್ಲ ಸ್ವಾಮಿ, ಅಸಲಿ ನಡುಕ!

"ಥೂ ಹೇಡಿ! ಕೊಡು ಇಲ್ಲಿ!"

ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ಡ್ರಿಲ್ ಕಸಿದುಕೊಂಡ. ಇಡೀ ಮೈಭಾರ ಹಾಕಿ ಒತ್ತಿದ. ಪುಡಿ ಉದುರತೊಡಗಿತು. ಅಯ್ಯೋ, ಕೊರೆಯುತ್ತಿದೆ!

ಒಳಗಿನಿಂದ ದನಿ ಬಂತು.

"ತಮ್ಮಾ... ಬದುಕಿದ್ದೀಯೇನೋ?"

ಅವನು ದನಿಯ ಕಡೆ ಕಿವಿ ತಿರುಗಿಸಿದ. ಹೆಗಲು ವಾಲಿತು.

ಫಟ್!

ಬಿಟ್ ಗಾಜಿನಂತೆ ಸಿಡಿಯಿತು. ಚೂರೊಂದು ಅವನ ಕೆನ್ನೆ ಸೀಳಿತು. ಒತ್ತಿದ ಭಾರಕ್ಕೆ ಹಣೆ ಹೋಗಿ ಉಕ್ಕಿಗೆ ಬಡಿಯಿತು. ಅವನು ಕುಸಿಯುವ ಮೊದಲೇ ಪಿಸ್ತೂಲು ಕಿತ್ತುಕೊಂಡೆ. ಎರಡೂ ಕೈಯಲ್ಲಿ ಹಿಡಿದು ಅವನತ್ತ ಗುರಿಯಿಟ್ಟೆ!

"ಅಕ್ಕಾ, ಬಾ ಆಚೆ!"

ಅಗಳಿ ಸರಿಯಿತು. ಅಕ್ಕ ಬಂದವಳೇ ಡ್ರಿಲ್ಲಿನ ವೈರಿನಿಂದಲೇ ಅವನ ಕೈ ಬಿಗಿದಳು. ಆಮೇಲೆ ನನ್ನ ಭುಜಕ್ಕೆ ತಲೆ ಒರಗಿಸಿ ಅತ್ತಳು. ನಾನೂ ಅತ್ತೆ.

ಗಡ್ಡದವನು ನರಳಿದ.

"ಎಲ್ಲಕ್ಕಿಂತ ಗಟ್ಟಿ ಅದೇ ಅಂದ್ಯಲ್ಲೋ...!"

"ಗಟ್ಟಿ ಅಂದೆ. ಮುರಿಯಲ್ಲ ಅಂದ್ನಾ?"