ಕೋದಂಡನಿಗೆ ಹಿಡಿಸಿದ್ದು

ನನ್ನಣ್ಣ ಆರುಮುಗಂ ಮೊದಲು ಕಪಾಳಕ್ಕೆ ಹೊಡೆದ. ಆಮೇಲೆ ಹೊಟ್ಟೆಗೆ ಒದ್ದ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಬಂಗಾರಪೇಟೆಯ ಆ ರಿವೈಂಡಿಂಗ್ ಅಂಗಡಿಯಲ್ಲಿ ಕೋದಂಡಪ್ಪ ನೆಲಕ್ಕೆ ಬಿದ್ದ, ಎದ್ದ, ಮತ್ತೆ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತತೊಡಗಿದ. ತುಟಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಲೇ, ನನ್ ತಂಗಿ ಕದಿರಮ್ಮನ್ನ ಬಿಟ್ಬುಡ್ತೀನಿ ಅಂತ ಏಳ್ಲಾ!"

ಅವನು ತಂತಿಯನ್ನು ಇನ್ನೊಂದು ಸುತ್ತು ಎಳೆದ. ನನಗೆ ಅಣ್ಣನಿಗಿಂತ ಅವನ ಮೇಲೇ ಹೆಚ್ಚು ಸಿಟ್ಟು ಬಂತು.

ಬರದೇ ಇರುತ್ತದೆಯೇ? ತೊಂಬತ್ತನಾಲ್ಕರ ಆ ಬೇಸಿಗೆ ಪೂರ್ತಿ ಹೊಲಿಗೆ ಕ್ಲಾಸಿನ ನೆಪ ಹೇಳಿ ಚಿನ್ನದ ಗಣಿಯ ನಮ್ಮ ಚಾಂಪಿಯನ್ ರೀಫ್ಸ್‌ನಿಂದ ರೈಲು ಹತ್ತಿ ಬಂದು ಅವನೆದುರು ಕೂತಿದ್ದೆ. ಮಲ್ಲಿಗೆ ಮುಡಿದು ಬಂದೆ, ನೋಡಲಿಲ್ಲ. ಪಣಿಯಾರ ಸುಟ್ಟು ತಂದೆ, ಮುಟ್ಟಲಿಲ್ಲ. "ನಿನ್ ಕೈಯಾಗೆ ಏನೋ ಮಾಯ ಐತೆ ಕಣಯ್ಯಾ" ಎಂದು ಹೊಗಳಿದರೂ ತಲೆ ಎತ್ತಲಿಲ್ಲ. ತಂತಿ ಸಾಲಾಗಿ ಕೂತಾಗ ಮಾತ್ರ ಅವನ ತುಟಿಯಂಚು ನಗುತ್ತಿತ್ತು. ಆ ತಂತಿಯ ಮೇಲೆ ನನಗೆ ಸವತಿ ಮತ್ಸರ!

ಅವನ ತಾಯಿ ಮುನಿಶಾಮಮ್ಮ ಒಮ್ಮೆ ಹೇಳಿದ್ದಳು. "ಬೆಂಗ್ಳೂರು ಡಾಕ್ಟ್ರು ಆಟಿಸಂ ಅಂದ್ರಮ್ಮ. ಒಗಳಿದ್ರೆ, ಇನಾಮು ಕೊಟ್ರೆ ನಮ್ ಮಿದುಳ್ಗೆ ಆಗೋ ಕುಸಿ ಇವನ್ಗೆ ಅಂಗೆ ಆಗಲ್ವಂತೆ. ಇವನ್ಗೆ ಇಡ್ಸೋದೇ ಬೇರೆ."

ನನ್ನ ಮಿದುಳು ಇನ್ನೊಂದು ಥರ. ನಾಳೆ ಸಿಗುವ ಲಡ್ಡು ನನಗೆ ಲಡ್ಡುವೇ ಅಲ್ಲ, ಈಗಲೇ ಬೇಕು. ಟೈಪಿಂಗು, ಹೊಲಿಗೆ, ಹಿಂದಿ ಪರೀಕ್ಷೆ, ಎಲ್ಲವನ್ನೂ ಅರ್ಧಕ್ಕೇ ಬಿಟ್ಟವಳು. ಆ ಡಾಕ್ಟರು ನೋಡಿದ್ದರೆ ಇದಕ್ಕೂ ಒಂದು ಹೆಸರು ಹೇಳುತ್ತಿದ್ದರೇನೋ, ಮನೆಯಲ್ಲಿ ಕೋತಿ ಅನ್ನುತ್ತಿದ್ದರು. ಎಲ್ಲೂ ನಿಲ್ಲದ ನಾನು ಈ ಅಂಗಡಿಯಲ್ಲಿ ಮಾತ್ರ ವಟವಟ ಅನ್ನುತ್ತಾ ಸಂಜೆವರೆಗೂ ಕೂರುತ್ತಿದ್ದೆ.

ಅದರ ಹಿಂದಿನ ವಾರ ನನ್ನನ್ನು ಸೋದರಮಾವ ಕುಪ್ಪುಸ್ವಾಮಿಗೆ ಕೊಡುವುದೆಂದು ಗೊತ್ತು ಮಾಡಿ, ಮನೆಯಲ್ಲೇ ಕೂಡಿಹಾಕಿದರು. ಅವತ್ತು ತಪ್ಪಿಸಿಕೊಂಡು ಓಡಿಬಂದೆ. ಅಣ್ಣ ಬೆನ್ನಟ್ಟಿ ಬಂದ.

ಒದೆಗೆ ಬಗ್ಗದವನನ್ನು ಕಂಡು ಅಣ್ಣ ದನಿ ಬದಲಿಸಿದ. "ಅವಳನ್ನ ಬಿಟ್ಬುಡು. ಆಂಡರ್ಸನ್‌ಪೇಟೇಲಿ ನಿನ್ಗೇ ಅಂತ ಒಂದು ಅಂಗ್ಡಿ ಆಕ್ಕೊಡ್ತೀನಿ."

"ಅಂಗ್ಡಿ ಬ್ಯಾಡ."

ಅಣ್ಣ ಸುತ್ತಿಗೆ ಎತ್ತಿಕೊಂಡ. ಕೋದಂಡನ ಬಲಗೈಯನ್ನು ಬೆಂಚಿಗೆ ಒತ್ತಿ ಹಿಡಿದ. "ಈ ಕೈ ಓದ್ರೆ ತಂತಿ ಎಂಗ್ಲಾ ಸುತ್ತೀಯ?"

ಕೋದಂಡನ ಮುಖ ಬಿಳಿಚಿಕೊಂಡಿತು. ಅವನಿಗಿದ್ದ ಸುಖವೆಲ್ಲ ಆ ಕೈಯಲ್ಲೇ ಇತ್ತು. ಇನ್ನು ನನ್ನನ್ನು ಬಿಟ್ಟುಕೊಡುತ್ತಾನೆ ಎಂದುಕೊಂಡೆ.

"ವಾರದಿಂದ ಸರ್ಯಾಗಿ ಸುತ್ತಕ್ಕೇ ಆಗ್ಲಿಲ್ಲ," ಅಂದ. "ಕದಿರಮ್ಮ ಬರ್ಲಿಲ್ಲ. ಸುತ್ತಿದ್ ಮೋಟ್ರೆಲ್ಲಾ ಸುಟ್ಟೋದ್ವು. ಅವಳ್ ಮಾತು ಕೇಳ್ದಿದ್ರೆ ತಂತಿ ಕೂರಲ್ಲ. ನೀನು ಒಡಿ."

ಸುತ್ತಿಗೆ ಮೇಲೆದ್ದಿತು. ಯೋಚನೆ ಮಾಡುವ ಜನ ಬೇರೆ. ನಾನು ನನ್ನ ಕೈಯನ್ನು ಅವನ ಕೈ ಮೇಲೆ ಇಟ್ಟೇಬಿಟ್ಟೆ.

ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನನ್ನ ಎರಡು ಬೆರಳು ಜಜ್ಜಿಹೋದವು. ಅಣ್ಣ ಸುತ್ತಿಗೆ ಕೈಬಿಟ್ಟು, "ಅಯ್ಯೋ ಕದಿರೂ" ಎಂದು ನೆಲಕ್ಕೆ ಕುಸಿದ.

ಕೋದಂಡ ನನ್ನ ಮುಖ ನೋಡಿದ. ನೆಟ್ಟ ನೋಟ, ಮೊದಲ ಸಲ. ಮೋಟಾರಿಗೆ ಸುತ್ತುವ ಹತ್ತಿಯ ಟೇಪು ತಂದು, ರಕ್ತ ಒರೆಸಿ, ಸುತ್ತಿನ ಪಕ್ಕ ಸುತ್ತು ಕೂರಿಸುತ್ತಾ ಬೆರಳು ಕಟ್ಟತೊಡಗಿದ. ಜೀವ ಹೋಗುವ ನೋವಿನಲ್ಲೂ ನನಗೆ ತಡೆಯಲಾಗಲಿಲ್ಲ.

"ನಾನಂದ್ರೆ ಇಷ್ಟಾನಾ? ಈಗ್ಲೇ ಏಳ್ಬೇಕು."

"ಊಂ."

"ಎಷ್ಟು?"

ಟೇಪಿನ ಗಂಟು ಬಿಗಿದ. "ನಿನ್ ಕೈ ವಾಸಿಯಾಗೋಗಂಟ ನಾನು ತಂತಿ ಮುಟ್ಟಲ್ಲ."

ಆಗ ನಾನು ಗೊಳೋ ಎಂದು ಅತ್ತೆ, ನೋವಿಗಲ್ಲ.

ಅಣ್ಣ ಕಣ್ಣೊರೆಸಿಕೊಂಡ. ನಮ್ಮಿಬ್ಬರ ಮುಖ ನೋಡಲಾರದೆ ಗೋಡೆಗೆ ಹೇಳಿದ, ನಮ್ಮ ಮನೆಯಲ್ಲಿ ಅಳಿಯನನ್ನು ಮಾತ್ರ ಕರೆಯುವ ಹಾಗೆ ಕರೆದು: "ಎದ್ದೇಳು ಮಾಪ್ಳೆ. ಆಸ್ಪತ್ರೆಗೆ ಓಗಣ."