ಗಣಿಯೊಳಗೆ ಸೊನ್ನೆ ಜನ

ತೈಮಾಸ್ ನನ್ನ ಕೂದಲು ಹಿಡಿದು ಮುಖವನ್ನು ಕೀಬೋರ್ಡಿಗೆ ಅಪ್ಪಳಿಸಿದ.

ಒಮ್ಮೆ... ಮತ್ತೊಮ್ಮೆ!

ಮೂಗಿನ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೀಲಿಗಳ ಸಂದಿಯಲ್ಲಿ ರಕ್ತ ಇಳಿಯಿತು.

"ಆ ರೂಲ್ ವಾಪಸ್ ಹಾಕು," ಎಂದ.

"ಹಾಕಲ್ಲ."

ಮತ್ತೆ ಅಪ್ಪಳಿಸಿದ!

ಎದುರಿಗೆ ಗಣಿಯ ಮ್ಯಾನೇಜರ್ ಕೈರ್‌ಗೆಲ್ದಿ ಕೂತಿದ್ದ. ಒಂದು ಕೈಯಲ್ಲಿ ಹಾಲು ಹಾಕಿದ ಚಹಾದ ಬಟ್ಟಲು. ಮುಂದೆ ತಟ್ಟೆಯಲ್ಲಿ ಕುದುರೆ ಮಾಂಸದ ತುಂಡುಗಳು.

"ಮೆಲ್ಲಗೆ ಕಣೋ ತೈಮಾಸ್! ಆ ಕೀಬೋರ್ಡ್ ಹೊಸದು," ಎಂದ.

ಸಾರಿಕೆನ್ ತಾಮ್ರದ ಗಣಿಯಲ್ಲಿ ಹೆಂಗಸಿನ ಮೂಗಿಗಿಂತ ಕೀಬೋರ್ಡಿಗೇ ಬೆಲೆ ಹೆಚ್ಚು.

ನಾನು ರೌಶನ್. ಕರಗಂಡ ನಗರದವಳು. ಮೊದಲು ಕಾರ್ಮಿಕ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಲಂಚದ ಕವರ್ ತಂದ ಒಬ್ಬ ಮಾಲೀಕನ ದವಡೆ ಮುರಿದೆ. ಕೆಲಸ ಹೋಯಿತು. ಈಗ ಸಂಬಳದ ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿದ್ದೇನೆ. ಯಾರ ಪಾಳಿ ಎಷ್ಟು ಗಂಟೆ, ಮೀರಿದರೆ ಓವರ್‌ಟೈಮ್ ಎಷ್ಟು... ಈ ರೂಲ್‌ಗಳನ್ನು ಸಿಸ್ಟಮ್‌ಗೆ ಹಾಕಿಕೊಡುವುದು ನನ್ನ ಕೆಲಸ. ತೂಕಡಿಸುತ್ತಾ ಮಾಡುವ ಕೆಲಸ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ!

ಬೆಳಿಗ್ಗೆ ಅವರ ಹಳೆಯ ರೂಲ್‌ಗಳನ್ನು ತೆರೆದು ನೋಡಿದೆ. ಒಂದು ರೂಲ್ ಕಣ್ಣಿಗೆ ಚುಚ್ಚಿತು. ಪಾಳಿಯ ಅವಧಿ ಮುಗಿದ ಕ್ಷಣವೇ ಸಿಸ್ಟಮ್ ತಾನಾಗಿ ಎಲ್ಲರ ಹಾಜರಿ ಕಾರ್ಡನ್ನೂ 'ಹೊರಗೆ' ಎಂದು ಗುರುತು ಮಾಡುತ್ತಿತ್ತು. ಮನುಷ್ಯ ನೆಲದಡಿ ಕಲ್ಲು ಒಡೆಯುತ್ತಲೇ ಇರಲಿ, ಕಂಪ್ಯೂಟರ್ ಪ್ರಕಾರ ಅವನು ಮನೆಯಲ್ಲಿ! ಓವರ್‌ಟೈಮ್ ಹುಟ್ಟುವುದೇ ಇಲ್ಲ.

ತೆಗೆದುಹಾಕಿದೆ. ಕಾನೂನಿನಂತೆ ಹೊಸದು ಬರೆದೆ. ಪಾಳಿ ಮೀರಿದ ಹೊತ್ತಿಗೆಲ್ಲ ಒಂದೂವರೆ ಪಟ್ಟು. ಕಾರ್ಡು ಮುಟ್ಟಿಸಿ ಮೇಲೆ ಬರುವ ತನಕ ಅವನು ಒಳಗೇ.

ಪರದೆಯ ಮೂಲೆಯಲ್ಲಿ 'ಗಣಿಯೊಳಗೆ: 0' ಎಂದಿತ್ತು. ನಾನು ಸೇವ್ ಒತ್ತಿದ ಕೂಡಲೇ ಅದು 3 ಆಯಿತು!

ಯಾರು ಈ ಮೂವರು ಎಂದು ಕೇಳಲು ಕೈರ್‌ಗೆಲ್ದಿಯ ಕೋಣೆಗೆ ಬಂದೆ. ಬಾಗಿಲು ದಾಟುತ್ತಿದ್ದಂತೆ ಸೈರನ್ ಕೂಗಿತು.

ನೆಲದಡಿಯಲ್ಲಿ ಬೆಂಕಿ! ಅದಿರು ತುಂಬುವ ಡೀಸೆಲ್ ಲೋಡರ್ ಒಂದು ಹೊತ್ತಿಕೊಂಡಿತ್ತು.

ಆಮೇಲೆ ಬಂದವನೇ ಸೆಕ್ಯುರಿಟಿ ಮುಖ್ಯಸ್ಥ ತೈಮಾಸ್. ಹಳೇ ಕುಸ್ತಿಪಟು. ಕುತ್ತಿಗೆ ಇಲ್ಲದ ಮನುಷ್ಯ.

ಕೀಬೋರ್ಡಿಗೆ ಮೂರನೇ ಏಟು ಬಿದ್ದ ಮೇಲೆ ಮೇಜಿನ ಫೋನ್ ರಿಂಗಾಯಿತು. ಕೈರ್‌ಗೆಲ್ದಿ ಸ್ಪೀಕರ್ ಒತ್ತಿದ.

"ರಾದಿಕ್ ಮಾತಾಡ್ತಿದೀನಿ, ರೆಸ್ಕ್ಯೂ ಟೀಮ್. ಕೆಳಗೆ ಜನ ಇದಾರಾ? ಇಲ್ಲ ಅಂದ್ರೆ ಬಾಗಿಲು ಮುಚ್ಚಿ, ಗಾಳಿ ನಿಲ್ಲಿಸಿ ಬೆಂಕೀನ ಸಾಯಿಸ್ತೀನಿ. ನನ್ನ ಸ್ಕ್ರೀನಲ್ಲಿ ಮೂರು ಅಂತ ತೋರಿಸ್ತಿದೆ!"

"ಅಯ್ಯೋ, ಅದು ಸಾಫ್ಟ್‌ವೇರ್ ತೊಂದರೆ ಕ್ಯಾಪ್ಟನ್. ಕರಗಂಡದಿಂದ ಒಬ್ಳು ಬಂದು ಏನೋ ಕೆಡಿಸಿದಾಳೆ. ಈಗಲೇ ಸರಿ ಮಾಡಿಸ್ತೀನಿ."

ಫೋನ್ ಇಟ್ಟ. ತೈಮಾಸ್ ಪಿಸ್ತೂಲಿನ ತುದಿಯನ್ನು ನನ್ನ ಕಿವಿಯ ಹಿಂದೆ ಒತ್ತಿದ.

"ಮೂರು ಜೀವ ಸರ್!" ಎಂದೆ.

"ಪಾಳಿ ಮೀರಿ ಕೆಳಗೆ ಜನ ಇದ್ರು ಅಂತ ಗೊತ್ತಾದ್ರೆ ನಾನು ಜೈಲಿಗೆ. ಬರೀ ಬೆಂಕಿ ಅಂದ್ರೆ ಇನ್ಶೂರೆನ್ಸ್," ಎಂದು ಕೈರ್‌ಗೆಲ್ದಿ ಮಾಂಸದ ತುಂಡು ಬಾಯಿಗಿಟ್ಟ. "ಒತ್ತಮ್ಮಾ. ಸತ್ತ ಮೇಲೆ ನೀನ್ಯಾರಿಗೂ ಉಪಯೋಗ ಇಲ್ಲ."

ತೈಮಾಸ್ ಪಿಸ್ತೂಲಿನ ಕುದುರೆಯನ್ನು ಹಿಂದಕ್ಕೆಳೆದು ಗುಂಡು ಹಾರಿಸಲು ಸಿದ್ಧನಾದ.

ಒತ್ತಿದೆ.

ಮೂರು ಸೊನ್ನೆಯಾಯಿತು!

ಸುಳ್ಳು ಹೇಳುವುದಿಲ್ಲ. ಆ ಗಳಿಗೆ ನನಗೆ ಬದುಕಬೇಕಿತ್ತು, ಅಷ್ಟೇ.

"ಜಾಣೆ! ಇವಳನ್ನ ಸ್ಟೋರ್ ರೂಮಿಗೆ ಹಾಕೋ," ಎಂದ ಕೈರ್‌ಗೆಲ್ದಿ.

ಪಿಸ್ತೂಲು ಸೊಂಟಕ್ಕೆ ಹೋಯಿತು. ನನಗೆ ಬೇಕಾಗಿದ್ದೂ ಅದೇ. ಮೇಜಿನ ಮೇಲಿನ ಕುದಿಯುವ ಕೆಟಲ್ ಎತ್ತಿ ತೈಮಾಸ್‌ನ ಮುಖಕ್ಕೆ ಎರಚಿದೆ! ಗೂಳಿಯಂತೆ ಅರಚಿದ. ಖಾಲಿ ಕೆಟಲ್‌ನಿಂದಲೇ ಕೈರ್‌ಗೆಲ್ದಿಯ ಬಾಯಿಗೆ ಬಿಟ್ಟೆ. ಮಾಂಸದ ಜೊತೆ ಎರಡು ಚಿನ್ನದ ಹಲ್ಲೂ ತಟ್ಟೆಗೆ ಬಿದ್ದವು.

ಓಡಿದೆ!

ಹೊರಗೆ ಹಿಮ. ಮೈಮೇಲೆ ಕೋಟು ಇಲ್ಲ. ಮೂಗಿನ ರಕ್ತ ತುಟಿಯ ಮೇಲೆಯೇ ಗಟ್ಟಿಯಾಯಿತು. ಅಂಗಳದ ಆಚೆ ಗಣಿಯ ಬಾಯಿಂದ ಕಪ್ಪು ಹೊಗೆ ಏಳುತ್ತಿತ್ತು. ಹಿಂದೆ ಗುಂಡು ಸಿಡಿಯಿತು... ಪಕ್ಕದ ಡ್ರಮ್ಮಿಗೆ ತೂತು! ನಾನು ಹತ್ತಿರದ ಲಿಫ್ಟ್ ಕೋಣೆಗೆ ನುಗ್ಗಿದೆ.

ಒಳಗೆ ಲಿಫ್ಟ್ ನಡೆಸುವ ಬತಿಮಾ. ದಪ್ಪ ಹೆಂಗಸು, ತಲೆಗೆ ಹೂವಿನ ಸ್ಕಾರ್ಫ್. ಹಿಂಬಾಗಿಲಲ್ಲಿ ತೈಮಾಸ್‌ನ ಕಡೆಯವನೊಬ್ಬ ನಿಂತು ಅವಳನ್ನು ತಡೆದಿದ್ದ.

"ನನ್ನ ತಮ್ಮ ಮೇಲೆ ಬಂದಿಲ್ಲ ಕಣೋ! ನಾನೇ ಅವನನ್ನ ಇಳಿಸಿದ್ದು! ಝಂಗಿರ್ ಇನ್ನೂ ಕೆಳಗಿದಾನೆ!" ಎಂದು ಕಿರುಚುತ್ತಿದ್ದಳು.

"ಕಂಪ್ಯೂಟರಲ್ಲಿ ಹೊರಗೆ ಅಂತಿದೆ ಅಕ್ಕಾ. ಎಲ್ಲೋ ಕುಡಿದು ಬಿದ್ದಿರ್ತಾನೆ, ಬಿಡು," ಎಂದ ಅವನು.

"ಕಂಪ್ಯೂಟರ್ ಸುಳ್ಳು ಹೇಳ್ತಿದೆ!" ಎಂದು ನಾನು ಕೂಗಿದೆ.

ಅವನು ನನ್ನ ಕಡೆ ತಿರುಗಿದ. ಅದೇ ತಪ್ಪಾಯಿತು. ಬತಿಮಾ ದೊಡ್ಡ ಸ್ಪ್ಯಾನರ್ ಎತ್ತಿ ಅವನ ಮಂಡಿಗೆ ಬಾರಿಸಿದಳು. ಮಂಡಿ ಉಲ್ಟಾ ಮಡಚಿಕೊಂಡಿತು.

"ಯಾರೇ ನೀನು?"

"ಆಮೇಲೆ ಹೇಳ್ತೀನಿ ಅಕ್ಕಾ. ಕ್ಯಾಪ್ಟನ್ ಎಲ್ಲಿ?"

"ಗಣಿಗೆ ಗಾಳಿ ಬಿಡೋ ಫ್ಯಾನ್ ಹತ್ರ! ಬಾಗಿಲು ಹಾಕ್ತಿದಾರೆ!"

ಹಿಂಬಾಗಿಲಿಂದ ಓಡಿದೆವು. ತೈಮಾಸ್ ಈಗ ಜೀಪಿನಲ್ಲಿ ಬರುತ್ತಿದ್ದ. ಬೆಂದ ಮುಖ, ಒಂದು ಕಣ್ಣು ಮುಚ್ಚಿಹೋಗಿತ್ತು. ಜೀಪು ನೇರ ನಮ್ಮ ಮೇಲೇ ಬಂತು. ಬತಿಮಾಳನ್ನು ಹಿಮದ ರಾಶಿಗೆ ತಳ್ಳಿ ನಾನೂ ಬಿದ್ದೆ. ಜೀಪು ಜಾರಿ ಅದಿರಿನ ಟ್ರಾಲಿಗೆ ಗುದ್ದಿ ನಿಂತಿತು.

ಫ್ಯಾನ್ ಕೋಣೆಯ ಮುಂದೆ ನಾಲ್ಕು ಜನ ಚಕ್ರ ತಿರುಗಿಸುತ್ತಿದ್ದರು. ಕಬ್ಬಿಣದ ಬಾಗಿಲು ಆಗಲೇ ಮುಚ್ಚಿತ್ತು! ಅದರ ಮುಂದೆ ನರೆತ ಮೀಸೆಯ ಒಬ್ಬ, ಕೈಯಲ್ಲಿ ಟ್ಯಾಬ್. ಕ್ಯಾಪ್ಟನ್ ರಾದಿಕ್.

"ತೆಗೀರಿ! ಒಳಗೆ ಜನ ಇದಾರೆ!" ಎಂದೆ.

"ಯಾರಮ್ಮಾ ನೀನು? ಇಲ್ನೋಡು, ಸೊನ್ನೆ. ಇಳಿಯೋರಿಗೆ ತಲೆದೀಪ ಕೊಡೋ ಕೋಣೆಯವನೂ ಎಲ್ಲ ದೀಪ ವಾಪಸ್ ಬಂದಿವೆ ಅಂದ."

"ಹಾಗಾದ್ರೆ ಅವನೂ ಕೈರ್‌ಗೆಲ್ದಿ ಮನುಷ್ಯನೇ ಇರ್ಬೇಕು. ಈ ಸೊನ್ನೆ ಹಾಕಿದ್ದು ನಾನು! ಪಾಳಿ ಮುಗಿದ್ರೆ ಕಾರ್ಡು ತಾನಾಗಿ ಹೊರಗೆ ಅನ್ನತ್ತೆ. ಓವರ್‌ಟೈಮ್ ತಪ್ಪಿಸೋಕೆ ಹಾಕಿರೋ ರೂಲ್!"

"ಅದನ್ನ ನಂಬಿ ಬಾಗಿಲು ತೆಗೆದ್ರೆ ಬೆಂಕಿ ಉಸಿರಾಡತ್ತೆ. ನನ್ನ ಹುಡುಗ್ರು ಸಾಯ್ತಾರೆ. ತೋರಿಸು!"

ಟ್ಯಾಬ್ ಕಸಿದುಕೊಂಡೆ. ನನ್ನ ಲಾಗಿನ್... ಪಾಸ್‌ವರ್ಡ್...

ಢಂ!

ಬಲ ಭುಜಕ್ಕೆ ಕಾದ ಸಲಾಕೆ ಹೊಕ್ಕಂತಾಯಿತು. ಮೊಣಕಾಲೂರಿ ಕುಸಿದೆ. ತೈಮಾಸ್ ಜೀಪಿನಿಂದಿಳಿದು ಕುಂಟುತ್ತಾ ಬರುತ್ತಿದ್ದ. ರಾದಿಕ್‌ನ ಹುಡುಗರು ಬರಿಗೈಯಲ್ಲಿದ್ದರು. ಯಾರೂ ಮಿಸುಕಲಿಲ್ಲ.

"ಟ್ಯಾಬ್ ಬಿಡೇ!"

ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಬೆರಳಿನ ರಕ್ತಕ್ಕೆ ಗಾಜು ಜಾರುತ್ತಿತ್ತು. ತಪ್ಪು ಪಾಸ್‌ವರ್ಡ್! ಮತ್ತೆ ಒತ್ತಿದೆ. ರೂಲ್‌ಗಳ ಪಟ್ಟಿ ತೆರೆಯಿತು. ಆ ರೂಲ್ ಸಿಕ್ಕಿತು. ಆಫ್... ಸೇವ್!

ಸೊನ್ನೆ ಮೂರಾಯಿತು. ಕೆಳಗೆ ಮೂರು ಹೆಸರು ಮೂಡಿದವು. ಓತೆಗೆನ್. ಸೆಮ್ಯೋನ್. ಝಂಗಿರ್.

ಟ್ಯಾಬನ್ನು ರಾದಿಕ್‌ನ ಕಡೆ ತಿರುಗಿಸಿದೆ. ಅವನು ಮೂರೂ ಹೆಸರನ್ನು ಓದಿದ.

ತೈಮಾಸ್ ನನ್ನ ಹಣೆಗೆ ಗುರಿಯಿಟ್ಟ. ಅವನ ಮುಚ್ಚಿದ ಕಣ್ಣಿನ ಬದಿಯಿಂದ ಬತಿಮಾ ಬಂದದ್ದು ಅವನಿಗೆ ಕಾಣಲಿಲ್ಲ. ಸ್ಪ್ಯಾನರ್ ಕಿವಿಯ ಮೇಲೆ ಬಿತ್ತು. ಗುಂಡು ಆಕಾಶಕ್ಕೆ ಹಾರಿತು. ಅವನು ಬಿದ್ದ ಮೇಲೂ ಅವಳು ಹೊಡೆದಳು. ಹೊಡೆಯುತ್ತಲೇ ಇದ್ದಳು. ಯಾರೂ ತಡೆಯಲಿಲ್ಲ.

"ಬಾಗಿಲು ತೆಗೀರೋ!" ಎಂದು ರಾದಿಕ್ ಗುಡುಗಿದ. "ಮಾಸ್ಕ್ ಹಾಕ್ಕೊಳ್ಳಿ, ಇಳೀತಿದೀವಿ! ಬತಿಮಾ, ಲಿಫ್ಟಿಗೆ ಹೋಗು!"

ಆಗ ಅವಳು ಸ್ಪ್ಯಾನರ್ ಬಿಟ್ಟು ಓಡಿದಳು.

ಕೈರ್‌ಗೆಲ್ದಿ ಕಾರಿನಲ್ಲಿ ಪರಾರಿಯಾಗಲು ನೋಡಿದ. ಮುಂದಿನ ಪಾಳಿಯ ಗಣಿಗಾರರು ಗೇಟಿನಲ್ಲಿದ್ದರು. ವಿಷಯ ಅವರಿಗೆ ಮುಟ್ಟಿತ್ತು. ಕಾರನ್ನು ಎತ್ತಿ ಮಗುಚಿದರು. ಪೊಲೀಸರು ಅವನನ್ನು ಹೊರಗೆಳೆದಾಗ ಒಂದೇ ಕಾಲಲ್ಲಿ ಬೂಟಿತ್ತು. ಮೈಮೇಲೆ ಊದದ ಜಾಗವಿರಲಿಲ್ಲ.

ಓತೆಗೆನ್ ಮತ್ತು ಸೆಮ್ಯೋನ್ ಕೆಮ್ಮುತ್ತಾ ಮೇಲೆ ಬಂದರು.

ಝಂಗಿರ್ ಸ್ಟ್ರೆಚರಿನಲ್ಲಿ ಬಂದ. ಮುಖಕ್ಕೆ ಬಟ್ಟೆ ಮುಚ್ಚಿತ್ತು. ಅಕ್ಕನೇ ಇಳಿಸಿದ್ದಳು, ಅಕ್ಕನೇ ಮೇಲೆ ತಂದಳು.

ನಾನು ಸೊನ್ನೆ ಹಾಕಿದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ ಅವನ ಉಸಿರು ನಿಂತಿತೋ, ಅದಕ್ಕೂ ಮೊದಲೋ... ಡಾಕ್ಟರ್ ಹೇಳಲಿಲ್ಲ. ನಾನು ಕೇಳಲಿಲ್ಲ.

ಮಣ್ಣು ಮುಗಿಸಿದ ಮೇಲೆ ಬತಿಮಾ ಆಸ್ಪತ್ರೆಗೆ ಬಂದಳು. ಮಂಚದ ಪಕ್ಕ ನಿಂತಳು.

"ಆ ಸೊನ್ನೆ ನೀನೇ ಹಾಕಿದ್ದು ಅಂದ್ಯಲ್ಲ?"

"ಹೌದು ಅಕ್ಕಾ. ತಲೆಗೆ ಪಿಸ್ತೂಲಿತ್ತು."

ಕೆನ್ನೆಗೆ ಬಾರಿಸಿದಳು. ಮುರಿದ ಮೂಗಿನಿಂದ ಮತ್ತೆ ರಕ್ತ ಬಂತು. ನಾನು ಒರೆಸಿಕೊಳ್ಳಲಿಲ್ಲ.

ಆಮೇಲೆ ಚೀಲದಿಂದ ಡಬ್ಬಿ ತೆಗೆದಳು. ಕುರಿ ಮಾಂಸದ ಬಿಸಿ ಸಾರು. ಚಮಚ ನನ್ನ ಬಾಯಿಗೆ ಹಿಡಿದಳು.

"ಬಾಯಿ ತೆಗಿ. ನಿನ್ನ ಬಲಗೈ ಆಡಲ್ವಲ್ಲ ಈಗ... ನನ್ನ ತಮ್ಮನ ಪಾಳಿ ಯಾವಾಗ ಮುಗೀತು ಅಂತ ಕಂಪ್ಯೂಟರಲ್ಲಿ ಹಾಕ್ತೀಯ?"

"ನೀನು ಅವನನ್ನ ಮೇಲೆ ತಂದಾಗ."

"ಕಂಪನಿ ಒಪ್ಪತ್ತಾ?"

"ಒಪ್ಪಿಸ್ತೀನಿ."

ತಲೆಯಾಡಿಸಿದಳು. ಕಣ್ಣೀರು ಸಾರಿನೊಳಗೆ ಬಿತ್ತು. ಅದನ್ನೇ ಕುಡಿದೆ.

ವಾರದ ನಂತರ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹಲ್ಲಿಲ್ಲದ ಬಾಯಿಯ ದನಿ. ಕೈರ್‌ಗೆಲ್ದಿ! ಜೈಲೊಳಗೂ ಫೋನ್ ಸಂಪಾದಿಸಿದ್ದ.

"ಇಲ್ಲಿಂದ ಹೊರಗೆ ಬರ್ತೀನಿ ಕಣೇ. ಬಂದ ದಿನಾನೇ ನಿನ್ನನ್ನ ಹೂಳ್ತೀನಿ!"

"ಬನ್ನಿ ಸರ್," ಎಂದೆ. "ಅಲ್ಲೀತನಕ ಜೈಲಲ್ಲಿ ಗೋಣಿಚೀಲ ಹೊಲಿಸ್ತಾರಂತೆ. ಪಾಳಿ ಮೀರಿ ಕೂರಿಸಿದ್ರೆ ನಂಗೊಂದು ಫೋನ್ ಹಾಕಿ... ಓವರ್‌ಟೈಮ್ ಕೊಡಿಸ್ತೀನಿ!"